ಒಂದು ಬೆರಳಗಲದ ತುರಿಕೆ

ಹೊಸಪೇಟೆಯಲ್ಲಿ ಚರ್ಮರೋಗದ ಕ್ಲಿನಿಕ್ ತೆರೆದ ಎರಡು ವರ್ಷದಲ್ಲಿ ಡಾಕ್ಟರ್ ಸುಧಾರಾಣಿಗೆ ನಿಜವಾದ ಸಿಟ್ಟು ಅಂತ ಇದ್ದದ್ದು ಒಂದು ಟ್ಯೂಬಿನ ಮೇಲೆ. ಬೆರಳುದ್ದದ ಟ್ಯೂಬು. ಮೆಡಿಕಲ್ ಶಾಪಿನಲ್ಲಿ ತುರಿಕೆ ಅಂದರೆ ಸಾಕು, ಚೀಟಿ ಕೇಳದೆ ಕೈಗೆ ಕೊಡುತ್ತಾರೆ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ. ಅದರೊಳಗಿನ ಸ್ಟೀರಾಯ್ಡ್ ತುರಿಕೆಯನ್ನಷ್ಟೇ ಮಲಗಿಸುತ್ತದೆ, ಹುಳಕಡ್ಡಿಯನ್ನು ಮಾತ್ರ ಚೆನ್ನಾಗಿ ಸಾಕುತ್ತದೆ. ಹಚ್ಚುವುದು ಬಿಟ್ಟ ದಿನ ಅದು ಬಂಧುಬಳಗ ಕಟ್ಟಿಕೊಂಡು ವಾಪಸು ಬರುತ್ತದೆ.

ಹಂಪೇಶ್ ಆ ಟ್ಯೂಬನ್ನು ಒಂದೂವರೆ ವರ್ಷ ಹಚ್ಚಿದ್ದ. ಬಂಡ್ರಿಯವನು, ಸಂಡೂರಿನ ಗುಡ್ಡದಲ್ಲಿ ಅದಿರಿನ ಟಿಪ್ಪರ್ ಓಡಿಸುವವನು. ತೊಡೆ, ನಡ, ಬೆನ್ನು, ಎಲ್ಲಿ ನೋಡಿದರೂ ಕೆಂಪು ಉಂಗುರಗಳು. ಇದೆಲ್ಲ ಗಣಿಯ ಧೂಳಿನ ಕಿತಾಪತಿ ಎಂದು ಅವನು ನಂಬಿದ್ದ. ಸುಧಾರಾಣಿ ಉಂಗುರದ ಅಂಚಿನ ಹೊಟ್ಟನ್ನು ಕೆರೆದು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಹುಳಕಡ್ಡಿ ತರುವ ಬೂಷ್ಟಿನ ಕವಲೊಡೆದ ಎಳೆಗಳು ಕಂಡವು. ಧೂಳಿಗೆ ಕವಲೊಡೆಯುವ ಬುದ್ಧಿ ಇರುವುದಿಲ್ಲ.

ಅವನ ಸಂಕಟ ಬೇರೆಯೇ ಇತ್ತು. ಹೆಂಡತಿ ದೇವಿಕಾ ಹೆರಿಗೆಗೆ ಕಂಪ್ಲಿಯ ತವರಿಗೆ ಹೋಗಿದ್ದಳು. ಹೆಣ್ಣು ಮಗು ಹುಟ್ಟಿ ಎರಡು ತಿಂಗಳಾಗಿತ್ತು. ನೋಡಲು ಹೋದರೆ ಮಾವ ಪಕೀರಪ್ಪ ಅಳಿಯನನ್ನು ಕಟ್ಟೆಯ ಮೇಲೆಯೇ ಕೂರಿಸಿ, ಮಗುವನ್ನು ಬಾಗಿಲಲ್ಲಿ ತೋರಿಸಿ ಒಳಗೆ ಕಳಿಸುತ್ತಿದ್ದ. ಐದು ತಿಂಗಳು ತುಂಬುವ ಹೊತ್ತಿಗೆ ತಾಯಿ-ಮಗುವನ್ನು ಗಂಡನ ಮನೆಗೆ ಕಳಿಸುವುದು ವಾಡಿಕೆ. ಈ ರೋಗ ಹೋಗಿದ್ದರೆ ಮಾತ್ರ ಎಂದು ಮಾವನ ಷರತ್ತು. ಅಂಟುವ ರೋಗವಾದ್ದರಿಂದ ಅವನ ಹೆದರಿಕೆ ತಪ್ಪೆಂದು ಹೇಳುವ ಹಾಗೂ ಇರಲಿಲ್ಲ.

"ಎರಡು ತಿಂಗಳಾತ್ರಿ ಮೇಡಂ. ಒಂದ್ಸಲನೂ ಎತ್ಕೊಂಡಿಲ್ಲ," ಎಂದ ಹಂಪೇಶ್, ನೆಲ ನೋಡುತ್ತ.

ಸುಧಾರಾಣಿ ಅವನು ತಂದಿದ್ದ ಟ್ಯೂಬನ್ನು ಕಸದ ಬುಟ್ಟಿಗೆ ಎಸೆದಳು. ದಿನವೂ ಊಟದ ಮೇಲೆ ಮಾತ್ರೆ, ಅವನಿಗೇ ಬೇರೆ ಟವೆಲ್, ಜೀನ್ಸ್ ಬದಲು ಸಡಿಲ ಪ್ಯಾಂಟು, ಒಳಉಡುಪು ಬಿಸಿನೀರಲ್ಲಿ ಒಗೆದು ಬಿಸಿಲಿಗೆ. ಮೊದಲ ಹತ್ತು ದಿನ ತುರಿಕೆ ಹೆಚ್ಚಾಗುತ್ತದೆ, ಹೆದರಬೇಡಿ ಎಂದು ಎರಡೆರಡು ಸಲ ಹೇಳಿದಳು. ಮನೆಯಲ್ಲಿ ಮತ್ಯಾರಿಗಾದರೂ ಇದೆಯೇ ಎಂದು ಕೇಳಿದ್ದಕ್ಕೆ, ಜೊತೆಗೆ ಬಂದಿದ್ದ ತಾಯಿ ರೇಣುಕಮ್ಮ ತಮ್ಮ ಮನೆತನದಲ್ಲೇ ಅಂಥದ್ದಿಲ್ಲ ಎಂದು ಸೆರಗು ಬಿಗಿದುಕೊಂಡಳು.

ಎಂಟನೇ ದಿನ ಹಂಪೇಶ್ ಕೆಂಡಾಮಂಡಲವಾಗಿ ಬಂದ. ಮೈಯೆಲ್ಲ ಉರಿ. ಆ ಟ್ಯೂಬೇ ವಾಸಿಯಿತ್ತು, ಅದನ್ನೇ ಬರೆದುಕೊಡಿ ಎಂದ. ಹೊರಗೆ ಕಾಯುತ್ತಿದ್ದವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡರು. ಬರೆದುಕೊಟ್ಟರೆ ಎರಡು ದಿನದಲ್ಲಿ ಅವನಿಗೆ ಆರಾಮ, ಡಾಕ್ಟರಿಗೆ ಒಳ್ಳೆಯ ಹೆಸರು. ಸುಳ್ಳು ಯಾಕೆ, ಆ ಆಸೆ ಸುಧಾರಾಣಿಯ ಮನಸ್ಸಿನಲ್ಲಿ ಹಾದುಹೋಯಿತು. ಬರೆಯಲಿಲ್ಲ. ತುರಿಕೆ ತಗ್ಗಿಸುವ ಮಾತ್ರೆ ಸೇರಿಸಿ, ಇನ್ನೊಂದು ವಾರ ನನ್ನನ್ನು ಬಯ್ದುಕೊಂಡಾದರೂ ನುಂಗಿ ಎಂದಳು. ಅವನು ಬಯ್ದುಕೊಂಡೇ ನುಂಗಿದ.

ಐದನೇ ವಾರಕ್ಕೆ ಬೆನ್ನು, ತೊಡೆ ಸ್ವಚ್ಛವಾದವು. ನಡದ ಸುತ್ತ ಮಾತ್ರ ಒಂದು ಬೆರಳಗಲದ ಕೆಂಪು ಪಟ್ಟಿ ಉಳಿಯಿತು. ಏಳನೇ ವಾರಕ್ಕೆ ಆ ಪಟ್ಟಿಯಿಂದ ಹೊಸ ಉಂಗುರವೊಂದು ಹೊಟ್ಟೆಯ ಕಡೆ ಹೊರಟಿತ್ತು. ಮಾತ್ರೆ ತಪ್ಪಿರಲಿಲ್ಲ, ಟವೆಲ್ ಬೇರೆಯೇ ಇತ್ತು. ಮಾತ್ರೆ ಬದಲಿಸುವುದೋ, ಹೆಚ್ಚಿಸುವುದೋ ಎಂದು ಪೆನ್ನು ಹಿಡಿದವಳು ಮತ್ತೊಮ್ಮೆ ನಡ ನೋಡಿದಳು. ಪಟ್ಟಿಯ ನಟ್ಟನಡುವೆ ಕಪ್ಪು ಉಡದಾರ. ಬೆವರು ಧೂಳು ಕುಡಿದು ದಪ್ಪಗಾದ ಉಡದಾರ.

ಅದು ಮೊದಲ ದಿನದಿಂದಲೂ ಅಲ್ಲೇ ಇತ್ತು. ಸುಧಾರಾಣಿಯೂ ಬಂಡ್ರಿಯ ಪಕ್ಕದ ಊರಿನವಳೇ. ಅಪ್ಪ, ಅಣ್ಣ, ಬಾವಿಗೆ ಧುಮುಕುವ ಹುಡುಗರು, ಯಾರ ನಡವನ್ನೂ ಅವಳು ಉಡದಾರವಿಲ್ಲದೆ ಕಂಡವಳಲ್ಲ. ಹಾಗಾಗಿ ಅದು ಅವಳ ಕಣ್ಣಿಗೆ ಚರ್ಮದ ಲೆಕ್ಕಕ್ಕೇ ಸೇರಿಹೋಗಿತ್ತು. ಬೇರೆ ಸೀಮೆಯ ಡಾಕ್ಟರಾಗಿದ್ದರೆ ಇದೇನೆಂದು ಮೊದಲ ದಿನವೇ ಕೇಳುತ್ತಿದ್ದರು. ಏಳು ವಾರ ಹಾಳು ಮಾಡಿದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಕೋಪ ಬಂತು.

ಇದನ್ನು ತೆಗೆಯಬೇಕು ಎಂದದ್ದೇ ತಡ, ರೇಣುಕಮ್ಮ ಎದ್ದು ನಿಂತಳು. ಗಂಡಸಿನ ನಡ ಬರಿದಾಗುವುದು ಹೆಣವಾದ ದಿನ. ಬದುಕಿರುವ ಮಗನಿಗೆ ಅದನ್ನು ಮಾಡಲು ತಾನು ಬಿಡುವುದಿಲ್ಲ ಎಂದು ಅವನ ರಟ್ಟೆ ಹಿಡಿದಳು. ಪುಸ್ತಕದಲ್ಲಿ ಇದಕ್ಕೆ ಒಂದೇ ಉತ್ತರ, ತೆಗೆಸಿ ಬಿಸಾಡಿ. ಹಟ ಹಿಡಿದರೆ ಈ ತಾಯಿ ಮಗ ಇನ್ನೊಮ್ಮೆ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವುದಿಲ್ಲ. ಸುಧಾರಾಣಿ ಪೆನ್ನು ಕೆಳಗಿಟ್ಟಳು.

"ನಡ ಬರಿದು ಬಿಡಬ್ಯಾಡ್ರಿ ಅಮ್ಮ. ಹೊಸಾವು ಎರಡು ತರ್ರಿ. ಒಂದು ಕಟ್ಟಿದ ಮ್ಯಾಲೆ ಹಳೇದು ಬಿಚ್ಚಿ ಹೊಳಿಗೆ ಬಿಡ್ರಿ. ಆಮ್ಯಾಲೆ ದಿನಾ ಒಂದು ಕಟ್ಟೋದು, ಇನ್ನೊಂದು ಬಿಚ್ಚಿ ಕುದಿಸಿ ಬಿಸಿಲಿಗೆ ಹಾಕೋದು. ಒಂದು ನಿಮಿಷನೂ ಬರಿದಾಗಂಗಿಲ್ಲ."

ರೇಣುಕಮ್ಮ ಮಗನ ರಟ್ಟೆ ಬಿಟ್ಟಳು. ಆಮೇಲೆ ಮಗನನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಲಂಗದ ಲಾಡಿ ಕಟ್ಟುವ ಜಾಗ ತೋರಿಸಿದಳು. ಅಲ್ಲೂ ಅದೇ ಕೆಂಪು ಪಟ್ಟಿ.

"ನನಗೂ ಐತವ್ವ. ಮಮ್ಮಗಳನ್ನ ನಾನೂ ಮುಟ್ಟಿಲ್ಲ. ಹೇಳಾಕ ನಾಚಿಕಿ ಆತು."

ಸುಧಾರಾಣಿ ಬಯ್ಯಲಿಲ್ಲ. ಅವಳಿಗೂ ಮಾತ್ರೆ ಬರೆದು, ಲಾಡಿಯನ್ನೂ ದಿನಾ ಬದಲಿಸಲು ಹೇಳಿದಳು.

ಐದು ವಾರದ ಮೇಲೆ ಇಬ್ಬರ ನಡವನ್ನೂ ಕೆರೆದು ನೋಡಿದಳು. ಎಳೆಗಾಗಿ ಗಾಜನ್ನು ಮೂಲೆಮೂಲೆಗೂ ಸರಿಸಿ ಹುಡುಕಿದಳು. ಒಂದೂ ಸಿಗಲಿಲ್ಲ. ಗೆದ್ದೆ ಎಂದು ಕೂಗಬೇಕೆನಿಸಿತು, ಡಾಕ್ಟರ್ ಅಲ್ಲವೇ, ತಡೆದುಕೊಂಡಳು.

ಅಂದು ಪಕೀರಪ್ಪನೂ ಮಗಳು ಮೊಮ್ಮಗಳನ್ನು ಕರೆದುಕೊಂಡು ಕಂಪ್ಲಿಯಿಂದ ಬಂದಿದ್ದ. ಅಳಿಯನ ಮಾತಲ್ಲ, ಡಾಕ್ಟರ ಬಾಯಿಂದಲೇ ಕೇಳಬೇಕೆಂದು ಅವನ ಪಟ್ಟು. ಪೂರ್ತಿ ಗುಣವಾಗಿದೆ ಎಂದರೂ ಅವನ ಮುಖದ ಗಂಟು ಸಡಿಲವಾಗಲಿಲ್ಲ. ಪರೀಕ್ಷೆಗೆಂದು ಅಂಗಿ ಬಿಚ್ಚಿ ಕೂತಿದ್ದ ಹಂಪೇಶ್, ಮಗುವನ್ನು ಕಂಡವನೇ ಅವಸರದಲ್ಲಿ ಅಂಗಿಗೆ ಕೈ ಹಾಕಿದ. ಸುಧಾರಾಣಿ ಅಂಗಿಯನ್ನು ಕಿತ್ತುಕೊಂಡು ಬದಿಗಿಟ್ಟು, ದೇವಿಕಾಳಿಂದ ಮಗುವನ್ನು ಎತ್ತಿಕೊಂಡಳು.

"ಅಂಗಿ ಬ್ಯಾಡ್ರಿ. ಹಂಗ ಎತ್ಕೋರಿ."

ಬರಿ ಎದೆಗೆ ಮಗು ತಗುಲಿದಾಗ ಹಂಪೇಶನಿಗೆ ಉಸಿರು ಬಿಡುವುದೂ ಮರೆತುಹೋಯಿತು. ಮಗು ಅವನ ಭುಜದ ಮೇಲೆ ಜೊಲ್ಲು ಸುರಿಸಿತು. ಪಕೀರಪ್ಪ ಒರೆಸಲು ತನ್ನದೇ ಟವೆಲ್ ಚಾಚಿದ, ದೇವಿಕಾ ಅತ್ತಳು, ರೇಣುಕಮ್ಮ ತನಗೂ ಕೊಡೆಂದು ಎರಡೂ ಕೈ ಮುಂದೆ ಮಾಡಿದಳು. ಅವನು ಯಾರಿಗೂ ಕೊಡಲಿಲ್ಲ.