ಗಾಳಿ ಸೋರದ ಮನೆ

"ದೀಪಾನೂ ಇರಬಾರದೇನ್ರಿ ಅಣ್ಣಾರ?" ಗುರುದೇವಿ ಮತ್ತೆ ಕೇಳಿದಳು.

ಚಂದ್ರಮೌಳಿ ಮುಂಬಾಗಿಲ ಚೌಕಟ್ಟಿಗೆ ಕೆಂಪು ಬಟ್ಟೆ ಬಿಗಿದು, ಅದರ ನಡುವಿನ ಕಂಡಿಗೆ ದೊಡ್ಡ ಫ್ಯಾನ್ ಕೂರಿಸುತ್ತಿದ್ದ. ಫ್ಯಾನ್ ಮನೆಯ ಗಾಳಿಯನ್ನು ಹೊರಗೆಳೆದರೆ ಸಂದಿ ಇರುವಲ್ಲೆಲ್ಲ ಹೊರಗಿನ ಗಾಳಿ ಒಳನುಗ್ಗುತ್ತದೆ. ಎಷ್ಟು ನುಗ್ಗುತ್ತದೆ ಎಂದು ಅಳೆದ ಮೇಲೆ ಮನೆಗೆ ರೇಟಿಂಗ್. ಆ ಹೊತ್ತಿನಲ್ಲಿ ಒಳಗೆ ಯಾವ ಉರಿಯೂ ಇರಕೂಡದೆಂದು ಈ ಕೆಲಸ ಕಲಿಸಿದ ಸಂಜೆ ಕ್ಲಾಸಿನಲ್ಲಿ ಒತ್ತಿ ಹೇಳಿದ್ದರು. ಅದನ್ನೇ ಅವಳಿಗೂ ಹೇಳಿದ. ಹೇಳುವಾಗ ಕೇಳಬಾರದ್ದನ್ನು ಕೇಳುತ್ತಿದ್ದೇನೇನೋ ಅನ್ನಿಸಿ ದನಿ ತಗ್ಗಿತು.

"ಕಾರಿನ ಬ್ರೇಕ್ ನೋಡತಿದ್ದ ಮನಷ್ಯಾ ಈಗ ಮನಿ ಉಸರ ನೋಡಾಕ ಬಂದಾರ," ಎಂದು ರೇವಣಪ್ಪ ಹೆಂಡತಿಗೆ ಹೇಳಿದ. ಚಂದ್ರಮೌಳಿ ನಕ್ಕ. ಇಬ್ಬರೂ ಒಂದೇ ಕಂಪನಿಯಲ್ಲಿ, ಒಂದೇ ಮಹಡಿಯಲ್ಲಿ ಇಂಜಿನಿಯರುಗಳಾಗಿದ್ದವರು. ಒಂದೇ ವಾರ ಕೆಲಸ ಕಳೆದುಕೊಂಡವರು. ರೇವಣಪ್ಪನಿಗೆ ಈಗ ಬೇರೆ ರಾಜ್ಯದ ಲಿಸ್ಲ್ ಎಂಬ ಊರಿನಲ್ಲಿ ಕೆಲಸ ಸಿಕ್ಕಿತ್ತು. ಕ್ಯಾಂಟನ್ನಿನ ಈ ಮನೆ ಮಾರಾಟವಾಗದೆ ಸಂಸಾರ ಅಲ್ಲಿಗೆ ಹೊರಡುವಂತಿರಲಿಲ್ಲ. ಬಡಾವಣೆಯಲ್ಲಿ ಮಾರಾಟದ ಬೋರ್ಡು ನೆಡದ ಅಂಗಳ ಹುಡುಕಬೇಕಿತ್ತು. ಕಡೆಗೂ ಕೊಳ್ಳುವವರೊಬ್ಬರು ಬಂದಿದ್ದರು. ರೇಟಿಂಗ್ ಒಳ್ಳೆಯದು ಬಂದರೆ ಮಾತ್ರ ಸಹಿ ಎಂದಿದ್ದರು.

ಗುರುದೇವಿ ಆ ದೀಪ ಹಚ್ಚಿದ್ದು ಗಂಡನ ಕೆಲಸ ಹೋದ ಸಂಜೆ. ಅಂದಿನಿಂದ ಆರಲು ಬಿಟ್ಟಿರಲಿಲ್ಲ. ಕೋಟು ನೇತುಹಾಕುವ ಗೂಡನ್ನೇ ದೇವರ ಜಗಲಿ ಮಾಡಿಕೊಂಡಿದ್ದಳು. ಕಿಟಕಿ ಮುಚ್ಚಿ, ಹೀಟರ್ ಆರಿಸಿ ನೋಡಿದರೂ ದೀಪದ ಕುಡಿ ಸುಮ್ಮನೆ ನಿಲ್ಲುವುದಿಲ್ಲ, ಏನಾದರೂ ಕೇಳಿಕೊಂಡರೆ ಗೋಡೆಯ ಕಡೆ ತಲೆ ಹಾಕುತ್ತದೆ ಎಂದಳು. "ಆ ವೀರಭದ್ರ ಕೇಳಸ್ಕೊಳ್ಳಾಕತ್ತಾನ್ರಿ. ಇಲ್ಲಾಂದ್ರ ಈ ಚಳಿಗಾಲ ನಾ ಹೆಂಗ ಕಳೀತಿದ್ದೆ?"

ರೇವಣಪ್ಪ ಎದ್ದುಹೋಗಿ ಥರ್ಮೋಸ್ಟ್ಯಾಟ್ ನೋಡುತ್ತ ನಿಂತ.

ಅವಳು ದೀಪ ಶಾಂತ ಮಾಡಲಿಲ್ಲ. ಅದನ್ನೊಂದು ಸ್ಟೀಲಿನ ಡಬರಿಯೊಳಗಿಟ್ಟು, ಸೀರೆಯ ಮೇಲೆ ದಪ್ಪ ಕೋಟು ತೊಟ್ಟು, ಗರಾಜಿನ ಮೂಲಕ ಹೊರಗೆ ಹೋಗಿ ಡ್ರೈವ್‌ವೇಯಲ್ಲಿದ್ದ ಕಾರಿನೊಳಗೆ ಕೂತಳು. ಹಿಮ ಎತ್ತುತ್ತಿದ್ದ ಪಕ್ಕದ ಮನೆಯವನು ಸಲಿಕೆ ಊರಿ, ಅವಳ ಮಡಿಲಿನ ಬೆಳಕನ್ನು ಸ್ವಲ್ಪ ಹೊತ್ತು ನೋಡಿದ.

ಫ್ಯಾನ್ ತಿರುಗಿತು. ಪರದೆಗಳು ಅಲುಗಿದವು. ಕಿಟಕಿಗಳ ಅಂಚಿನಲ್ಲಿ ಗಾಳಿ ಸೋರುವಂಥದ್ದೇನೂ ಇರಲಿಲ್ಲ, ಆದರೂ ಮೀಟರು ಕೆಟ್ಟದ್ದನ್ನೇ ತೋರಿಸುತ್ತಿತ್ತು. ತಾನೇ ತಪ್ಪು ಜೋಡಿಸಿದೆನೇನೋ ಎಂದು ಚಂದ್ರಮೌಳಿ ಮೀಟರಿನ ಕೊಳವೆಗಳನ್ನು ಬಿಚ್ಚಿ ಮತ್ತೆ ಸಿಕ್ಕಿಸಿದ. ಆಗ ಜಗಲಿಯ ಕಡೆಯಿಂದ ಟಕಟಕ ಸದ್ದು ಬಂತು. ಮೇಲೆ ತೂಗುಹಾಕಿದ್ದ ವೀರಭದ್ರನ ಪಟ ಗೋಡೆಗೆ ಬಡಿದುಕೊಳ್ಳುತ್ತಿತ್ತು. ತಟ್ಟೆಯ ವಿಭೂತಿ ನೆಲದ ತುಂಬ ಹಾರಿತ್ತು. ಪಟ ಎತ್ತಿದರೆ ತಂಬಿಗೆಯ ಬಾಯಷ್ಟು ಅಗಲದ ತೂತು. ಅಟ್ಟದ ಕೊರೆಯುವ ಗಾಳಿ ನೇರ ಮುಖಕ್ಕೆ ಹೊಡೆಯಿತು.

ರೇವಣಪ್ಪ ಹಿಂದೆ ಬಂದು ನಿಂತಿದ್ದ. ಫ್ಯಾನ್ ಆರಿಸಿದ ಮೇಲೆ ಹೇಳತೊಡಗಿದ. ದೀಪ ಹಚ್ಚಿದ ಮೊದಲ ದಿನಗಳಲ್ಲಿ ಹೊಗೆಯ ಅಲಾರಂ ಕಿರುಚುತ್ತಲೇ ಇತ್ತಂತೆ. ದೀಪ ಹಚ್ಚುವುದೂ ನನ್ನ ಪಾಲಿಗಿಲ್ಲವೇ ಎಂದು ಅವಳು ಅತ್ತಳಂತೆ. ಅವಳು ಅಂಗಡಿಗೆ ಹೋಗಿದ್ದಾಗ ಅವನು ಗೋಡೆ ಕೊರೆದು, ಹೊಗೆ ಹೋಗಲೆಂದು ಅಟ್ಟಕ್ಕೊಂದು ಪೈಪು ಹಾಕಿ, ತೂತಿಗೆ ಪಟ ಮರೆಮಾಡಿದ. ಮನೆಯ ಬಿಸಿಗಾಳಿ ದೀಪದ ಕುಡಿಯನ್ನೂ ಎಳೆಯುತ್ತ ಆ ದಾರಿ ಹಿಡಿದು ಮೇಲೇರತೊಡಗಿತು.

"ಅವತ್ತ ಸಂಜೀಕ ಬಂದು ಹೇಳಿದ್ಲು, ಕುಡಿ ತಲಿ ಆಡಸ್ತೈತಿ ಅಂತ. ಆವಾಗ ಹೆಂಗ್ ಹೇಳ್ಲಿ, ಮೌಳಿಯವರ?"

ಚಂದ್ರಮೌಳಿ ತೂತಿನ ಅಂಚನ್ನು ಬೆರಳಿನಿಂದ ಸವರಿದ. ಕ್ಲಾಸಿನಲ್ಲಿ ಕಲಿಸಿದ್ದಷ್ಟೇ ನೆನಪಿಗೆ ಬಂತು. "ಇದು ಮುಚ್ಚದೆ ರೇಟಿಂಗ್ ಬರಲ್ಲ," ಎಂದ. ಆಮೇಲೆ, "ಮುಚ್ಚಲಾ?" ಎಂದು ಕೇಳಿದ.

ಕಿಟಕಿಯಾಚೆ ಕಾರಿನ ಗಾಜು ಮಂಜುಗಟ್ಟಿತ್ತು. ಅದರ ಹಿಂದೆ ಒಂದು ಹಳದಿ ಚುಕ್ಕೆ. ರೇವಣಪ್ಪ ಅದನ್ನು ನೋಡುತ್ತಲೇ, "ಮುಚ್ರಿ," ಎಂದ. "ಆಕಿಗೆ ಹೇಳಬ್ಯಾಡ್ರಿ."

ಹಲಗೆಯ ತುಂಡಿಟ್ಟು, ಸುತ್ತ ಫೋಮ್ ತುಂಬಿ, ಅದು ಗಟ್ಟಿಯಾಗುವವರೆಗೆ ಇಬ್ಬರೂ ನೆಲದ ವಿಭೂತಿ ಒರೆಸಿದರು. ಮತ್ತೆ ಫ್ಯಾನ್ ಹಾಕಿದಾಗ ಬೇಕಾದ ರೇಟಿಂಗ್ ಬಂತು. ಚಂದ್ರಮೌಳಿ ಎರಡು ಸಲ ನೋಡಿ ಹೇಳಿದ. ನಾಳೆಯೂ ಹಿಮ ಬೀಳುತ್ತದಂತೆ ಎಂಬ ಸುದ್ದಿ ಕೇಳಿದವನಂತೆ ರೇವಣಪ್ಪ ತಲೆಯಾಡಿಸಿದ.

ಕರೆಯಲು ಹೋದವನು ಚಂದ್ರಮೌಳಿಯೇ. "ರೇಟಿಂಗ್ ಬಂತು, ಮನೆ ಮಾರಾಟ ಆಗತ್ತೆ," ಎಂದಾಗ ಗುರುದೇವಿಯ ತುಟಿಗಳು ಚಳಿಗೆ ಸರಿಯಾಗಿ ಅಲುಗಲಿಲ್ಲ. ಗಾಳಿ ಬೀಸುತ್ತಿತ್ತು. ಅವನು ಜಾಕೆಟ್ಟಿನ ಎರಡೂ ಬದಿ ಬಿಡಿಸಿ ಹಿಡಿದು, ಡಬರಿಗೆ ಮರೆಯಾಗಿ, ಗರಾಜಿನವರೆಗೂ ಹಿಮ್ಮುಖವಾಗಿ ನಡೆದ.

ಅವನು ಕೆಂಪು ಬಟ್ಟೆ ಮಡಿಸುತ್ತಿದ್ದಾಗ ಅವಳು ದೀಪವನ್ನು ಮತ್ತೆ ಜಗಲಿಯಲ್ಲಿಟ್ಟು ಅದರ ಮುಂದೆ ಕೈಮುಗಿದು ನಿಂತಿದ್ದಳು. ಬಹಳ ಹೊತ್ತು ನಿಂತಳು. ಒಮ್ಮೆ ಗೂಡಿನ ಬಾಗಿಲನ್ನು ಅರ್ಧ ಮುಚ್ಚಿ ಕುಡಿಯನ್ನು ನೋಡಿದಳು, ಮತ್ತೆ ತೆರೆದಳು.

"ಅಣ್ಣಾರ, ನಿಮ್ಮ ಫ್ಯಾನ್ ಬಂದ್ ಆಗೇತಿ ಹೌದಿಲ್ರಿ?"

"ಆಗಿದೆ."

ರೇವಣಪ್ಪ ಥರ್ಮೋಸ್ಟ್ಯಾಟಿನ ಮುಂದೆ ಇದ್ದ. ಗುರುದೇವಿ ಎಣ್ಣೆ ಹಾಕಲು ಬಗ್ಗಿದಳು. ಅವಳ ಉಸಿರು ತಾಗಿ ಕುಡಿ ಒಮ್ಮೆ ವಾಲಿತು. ಅವಳು ಹಿಂದೆ ಸರಿದ ಮೇಲೆ ನೆಟ್ಟಗೆ ನಿಂತಿತು.