ಸುಬೇದಾರನ ಅರ್ಧ ಕಟಿಂಗ್

ಇಪ್ಪತ್ತೆಂಟು ವರ್ಷ ಮಿಲಿಟರಿಯಲ್ಲಿದ್ದು ಸುಬೇದಾರನಾಗಿ ನಿವೃತ್ತನಾದ ಹುಲಿಗೇಶ, ಮಸ್ಕಿ ಹತ್ತಿರದ ತನ್ನ ಊರಿಗೆ ಬಂದ ಮೂರನೇ ದಿನ ಕಟಿಂಗ್ ಮಾಡಿಸಲು ಹೋದ. ಊರಿಗಿದ್ದದ್ದು ಗಂಗಾಧರನ ಅಂಗಡಿ ಒಂದೇ. ಹುಲಿಗೇಶ ಚಿಕ್ಕವನಿದ್ದಾಗ ಅವನ ಕೇರಿಯವರು ಆ ಹೊಸ್ತಿಲು ದಾಟುವ ಹಾಗಿರಲಿಲ್ಲ. ಈಗ ಗಂಗಾಧರನೇ ಕುರ್ಚಿ ಒರೆಸಿ, "ಬರ್ರಿ ಸಾಹೇಬ್ರ" ಎಂದ. ಕಾಲ ಬದಲಾಗಿದೆ ಅಂದುಕೊಂಡು ಹುಲಿಗೇಶ ಕೂತ.

ಎಡಗಡೆ ಮುಗಿಯುವ ಹೊತ್ತಿಗೆ ಸುಮ್ಮನೆ ಕೇಳಿದ: "ನಮ್ಮ ಗದ್ದೆಪ್ಪ ಕಾಕಾನೂ ಇಲ್ಲೇ ಮಾಡಿಸ್ತಾನೇನು?"

ಕತ್ತರಿ ನಿಂತಿತು. "ಅವ್ರು ಮಸ್ಕಿಗೆ ಹೋಗ್ತಾರ್ರಿ. ನೀವು ಮಿಲ್ಟ್ರಿಯೋರು, ನಿಮ್ಮ ಮಾತು ಬ್ಯಾರೆ. ಕೇರಿಯೋರಿಗೆಲ್ಲ ಮಾಡಿದ್ರ ಊರವ್ರು ನನ್ನ ಮಳಿಗಿ ಬಿಡಿಸ್ತಾರ."

ಹುಲಿಗೇಶ ಕೊರಳ ಬಟ್ಟೆ ಬಿಚ್ಚಿ ಮಡಚಿಟ್ಟ. "ಹಂಗಾದ್ರ ಉಳಿದದ್ದು ಹಂಗೇ ಇರಲಿ" ಎಂದು ಎದ್ದು ಹೊರಟ.

ಹೆಂಡತಿ ಅಂಬಿಕಾ ಅವನ ತಲೆ ನೋಡಿ, "ಮಸ್ಕಿಗೆ ಹೋಗಿ ಸರಿ ಮಾಡಿಸ್ಕೊಂಡು ಬರ್ರಿ" ಎಂದಳು.

"ನಲವತ್ತು ವರ್ಷದಿಂದ ಕಾಕಾ ಕಟಿಂಗಿಗೆ ಬಸ್ ಹತ್ತಾಕತ್ಯಾನ. ನಾ ಹತ್ತೂದಿಲ್ಲ."

ಕೇಸು ಹಾಕೋಣ ಎಂದರು ಕೇರಿಯವರು. ಅವನು ಒಪ್ಪಲಿಲ್ಲ. "ಜೈಲಿಗೆ ಹೋಗೋನು ಗಂಗಾಧರ ಒಬ್ಬನ. ಅವನ್ನ ಹೆದರಿಸಿದೋರು ಕಟ್ಟಿ ಮ್ಯಾಲೇ ಕುಂತಿರ್ತಾರ."

ಆ ತಲೆಯಲ್ಲೇ ಬ್ಯಾಂಕಿಗೆ ಹೋದ, ಪಂಚಾಯ್ತಿಗೆ ಹೋದ. ಯಾಕೆಂದು ಕೇಳಿದವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದ. ಆಗಸ್ಟ್ ಹದಿನೈದಕ್ಕೆ ಶಾಲೆಯವರು ಧ್ವಜ ಹಾರಿಸಲು ಅವನನ್ನೇ ಕರೆದಿದ್ದರು. ಕೋಟಿನ ಮೇಲೆ ಪದಕ ಹಾಕಿಕೊಂಡು, ಬರಿತಲೆಯಲ್ಲಿ ಬಂದು ನಿಂತ. ಮಕ್ಕಳು ನಕ್ಕರು. "ನಗ್ರಿ. ಮನಿಗೆ ಹೋಗಿ ಇದು ಯಾಕಂತ ಕೇಳ್ರಿ" ಎಂದ ಮೈಕಿನಲ್ಲಿ.

ಮಕ್ಕಳು ಕೇಳಿಯೇಬಿಟ್ಟರು. ದೊಡ್ಡವರಿಗೆ ಉತ್ತರ ಹೇಳುವುದು ಕಷ್ಟವಾಯಿತು. ವಾರದೊಳಗೆ ಕಟ್ಟೆಯ ಮೇಲೆ ಸಭೆ ಸೇರಿತು. ಬಿಸಿಬಿಸಿ ಮಾತು ನಡೆದಿರುವಾಗ ಟೇಲರ್ ರಾಜೇಸಾಬ್ ಎದ್ದು, "ಗಂಗಣ್ಣ, ಮಳಿಗಿ ಬಿಡಿಸಿದ್ರ ನನ್ನ ಅಂಗಡ್ಯಾಗ ಅರ್ಧ ಜಾಗ ನಿನಗ" ಎಂದ. ಗಂಗಾಧರನಿಗೆ ಅಷ್ಟು ಧೈರ್ಯ ಸಾಕಾಯಿತು.

ಮರುದಿನ ಬೆಳಿಗ್ಗೆ ಅವನೇ ಕೇರಿಗೆ ಬಂದ. "ನಡೀರಿ ಸಾಹೇಬ್ರ, ಉಳಿದದ್ದು ಮುಗಿಸ್ತೀನಿ."

"ಮೊದಲು ಕಾಕಾಂದು."

ಗದ್ದೆಪ್ಪ ಅಂಗಡಿಯ ಹೊರಗೇ ಚಪ್ಪಲಿ ಬಿಟ್ಟ. ಇಲ್ಲಿ ಯಾರೂ ಬಿಡುವುದಿಲ್ಲ ಎಂದು ಹುಲಿಗೇಶ ಮತ್ತೆ ಹಾಕಿಸಿದ. ಮುದುಕ ಕುರ್ಚಿಯ ತುದಿಗೆ ಕೂತ. "ಹಿಂದಕ್ಕ ಸರದು ಕುಂದರ್ರಿ ತಾತಾ" ಎಂದ ಗಂಗಾಧರ. ಕಾಯುತ್ತಿದ್ದ ಇಬ್ಬರು ಗಿರಾಕಿಗಳು ಎದ್ದು ಹೋದರು.

ಹುಲಿಗೇಶನ ಎಡಗಡೆಯೂ ಅಷ್ಟರಲ್ಲಿ ಬೆಳೆದಿದ್ದರಿಂದ ಅವನದು ಮೊದಲಿನಿಂದ ಶುರು ಮಾಡಬೇಕಾಯಿತು.

ಎದ್ದು ಹೋದವರಲ್ಲಿ ಒಬ್ಬ ಈಗಲೂ ಕಟಿಂಗಿಗೆ ಲಿಂಗಸುಗೂರಿಗೆ ಹೋಗುತ್ತಾನೆ. ಇನ್ನೊಬ್ಬ ದೀಪಾವಳಿ ಹೊತ್ತಿಗೆ ತಿರುಗಿ ಬಂದ. ಅವತ್ತು ಕುರ್ಚಿಯಲ್ಲಿ ಗದ್ದೆಪ್ಪ ಕಣ್ಣು ಮುಚ್ಚಿ ಒರಗಿದ್ದ. ಬಂದವನು ಪೇಪರ್ ಬಿಡಿಸಿಕೊಂಡು ತನ್ನ ಪಾಳಿಗೆ ಕಾಯುತ್ತ ಕೂತ.