ಎರಡು ಬೆರಳಷ್ಟು ಕಿಟಕಿ

ಫ್ಯಾನಿನ ಸದ್ದು ಬರುತ್ತಿದೆ, ಗಾಳಿ ಮಾತ್ರ ಬರುತ್ತಿಲ್ಲ, ಕಾರಿನ ಡ್ಯಾಶಿನ ಜಾಲರಿಗೆ ಅಂಗೈ ಒಡ್ಡಿ ಕೂತ ನೋರಿನಾಳ ಉಸಿರು ಮುಂದಿನ ಗಾಜಿಗೆ ಮಂಜಾಗಿ ಅಂಟುತ್ತಿದೆ, ಒರೆಸಿದರೆ ಮತ್ತೆ ಅಂಟುತ್ತದೆ, ಆಗಲೇ ಹನ್ನೊಂದು ಗಂಟೆ, ಹನ್ನೆರಡಕ್ಕೆ ಬಿಯೆಲ್ಲಾದ ಆಸ್ಪತ್ರೆಯಿಂದ ದುಯಿಲಿಯೋನನ್ನು ಮನೆಗೆ ಬಿಡುತ್ತಾರೆ, ಮೂರು ವಾರದ ನ್ಯುಮೋನಿಯಾ, ಎದೆಗೆ ಥಂಡಿ ಸೋಕಲೇ ಕೂಡದು ಎಂದಿದ್ದಾರೆ ಡಾಕ್ಟರು, ಈ ಗಂಡನೆಂಬುವನೋ ಫೋನಿನಲ್ಲಿ ಕೆಮ್ಮುತ್ತಲೇ, ಟ್ಯಾಕ್ಸಿ ಗೀಕ್ಸಿ ತಂದೀಯ ಕಣೇ, ಬಂದ್ರೆ ನನ್ನ ಕಾರಲ್ಲೇ ಬರೋದು — ಅವನ ಕಾರು, ಎಪ್ಪತ್ತೈದನೇ ಇಸವಿಯ ಎರಡೇ ಸೀಟಿನ ಕೆಂಪು ಹಟಮಾರಿ, ಓಡುವುದೆಂದರೆ ಇಂದಿಗೂ ಕುದುರೆ, ಹೀಟರ್ ಮಾತ್ರ ಹನ್ನೊಂದು ಚಳಿಗಾಲದಿಂದ ಸತ್ತಿದೆ. ಎದುರುಮನೆ ಬಾಲ್ಕನಿಯಿಂದ ಇವಾಸಿಯೋ ಕೂಗುತ್ತಾನೆ, ಊರಿಗೊಬ್ಬನೇ ಮೆಕ್ಯಾನಿಕ್, ಕಾಲಿಗೆ ಪ್ಲಾಸ್ಟರು, ಮೈಗೆ ಕಂಬಳಿ, ಒಳಗೆ ಹೋಗಿ ಬೆಚ್ಚಗೆ ಕೂರೋ ಎಂದರೂ ಕೇಳದೆ ಅರ್ಧ ಗಂಟೆಯಿಂದ ಚಳಿಯಲ್ಲೇ ಕೂತಿದ್ದಾನೆ, ಬಾನೆಟ್ ಎತ್ತು ನೋರಿನಾ, ಎಂಜಿನ್ನಿಂದ ಒಳಗೆ ಹೋಗೋ ಎರಡು ರಬ್ಬರ್ ಪೈಪು ಮುಟ್ಟಿ ನೋಡು, ಒಂದೇ ಬಿಸಿಯೋ ಎರಡೂ ಬಿಸಿಯೋ, ಎರಡೂ ಸುಡ್ತಿವೆಯೋ ಮಹಾರಾಯ, ಹಾಗಾದ್ರೆ ಬಿಸಿನೀರು ಸರಿಯಾಗೇ ಓಡ್ತಿದೆ, ನೀರು ಸೋರಿದ ಸಿಹಿ ವಾಸನೆ ಏನಾದ್ರೂ, ಇಲ್ಲ, ಕೆಳಗಿನ ಕಾರ್ಪೆಟ್ ಒದ್ದೆಯೋ, ಅದೂ ಇಲ್ಲ, ಫ್ಯಾನ್ ಸುತ್ತುತ್ತೆ ಅಂತೀಯ, ಮತ್ತೆ ಗಾಳಿ ಯಾಕೆ ಬರಲ್ಲ, ಅದನ್ನ ನಾನು ನಿನ್ನ ಕೇಳ್ತಿರೋದು, ಇಡೀ ಡ್ಯಾಶ್ ಬಿಚ್ಚಬೇಕು ಕಣಮ್ಮ, ಎರಡು ದಿನದ ಕೆಲಸ — ಎರಡು ದಿನ ಎಲ್ಲಿಂದ ತರಲಿ, ಗುಡ್ಡದ ರಸ್ತೆಯಲ್ಲಿ ಹಿಮ, ಗಾಜು ಮಸುಕು, ಮಸುಕಾದರೆ ಅವನು ಮಾಡುವುದು ಒಂದೇ, ಎಡಗಡೆ, ಸ್ಟಿಯರಿಂಗ್ ಪಕ್ಕದ ತನ್ನ ಕಿಟಕಿ ಎರಡು ಬೆರಳಷ್ಟು ಇಳಿಸುತ್ತಾನೆ, ತಂಗಿಯ ಮನೆಗೆ ಹೋಗುವಾಗೆಲ್ಲ ಹಾಗೆಯೇ, ಅಲ್ಲಿ ಇಳಿದು ನೋಡಿದರೆ ಎಡಗಿವಿ ಮಾತ್ರ ಕೆಂಪು, ಏನು ಮೇಷ್ಟ್ರು ಕಿವಿ ಹಿಂಡಿದ್ರಾ ಎಂದು ತಂಗಿ ನಗುತ್ತಿದ್ದಳು, ಅವನೂ ನಗುತ್ತಿದ್ದ.

ಮತ್ತೆ ಇವಾಸಿಯೋ, ಗಾಳಿ ಒಳಗೆ ಬರೋ ಬಾಯಿ ನೋಡಿದ್ಯಾ, ಹೊರಗಡೆ ಮುಂದಿನ ಗಾಜಿನ ಬುಡದಲ್ಲಿ, ಎಲೆ ಗಿಲೆ ತುಂಬಿರಬಹುದು, ನಾಲ್ಕು ಸ್ಕ್ರೂ ಅಷ್ಟೆ — ಒಂದು, ಎರಡು, ಮೂರನೆಯದು ತುಕ್ಕು ಹಿಡಿದಿದೆ, ಬಾ, ಬಾರೋ ದರಿದ್ರದವನೇ, ಜಾಲರಿ ಎದ್ದಿತು, ಒಳಗಿರುವುದು ಎಲೆಯಲ್ಲ, ಉಣ್ಣೆ, ಎಳೆದಷ್ಟೂ ಬರುತ್ತಿದೆ, ನೀಲಿ, ಅವಳೇ ಹೆಣೆದ ಮಫ್ಲರು, ಬಸ್ಸಿನಲ್ಲಿ ಕಳೆದುಕೊಂಡೆ ಎಂದಿದ್ದ, ಅದಕ್ಕೆ ನಾಲ್ಕು ದಿನ ಮಾತು ಬಿಟ್ಟಿದ್ದಳು, ಇಲಿಯಲ್ಲ, ಗಾಳಿಯಲ್ಲ, ಮಡಿಸಿ ಮಡಿಸಿ ತುರುಕಿದ ಕೈ ಅವನದೇ, ಯಾಕೆ — ಅಯ್ಯೋ, ಕುತ್ತಿಗೆ, ತನ್ನ ಕುತ್ತಿಗೆ, ಹೀಟರಿನ ಸನ್ನೆಕೋಲನ್ನು ಎಷ್ಟು ತಳ್ಳಿದರೂ ಪೂರ್ತಿ ಮುಚ್ಚದ ಡ್ಯಾಶಿನ ಜಾಲರಿಯಿಂದ ತಣ್ಣನೆ ಗಾಳಿ ನುಸುಳುತ್ತಿತ್ತು, ಹೊರಟ ಹತ್ತು ನಿಮಿಷಕ್ಕೆ ಅವಳ ರಾಗ ಶುರು, ಕುತ್ತಿಗೆಗೆ ಗಾಳಿ ಹೊಡೀತಿದೆ, ನಾಳೆ ತಲೆ ತಿರುಗಿಸೋಕಾಗಲ್ಲ, ಅಮ್ಮನಿಗೆ ಹೀಗೇ ಆಗಿದ್ದು, ಸುಮ್ಮನೆ ನರಳೋದು ನನ್ನ ಹಣೆಬರಹ, ಒಂದು ಬೆಳಿಗ್ಗೆ ಗಾಳಿ ನಿಂತಿತ್ತು, ಹೀಟರ್ ಸತ್ತೋಯ್ತು ಕಣೇ, ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಬಿಡು ಎಂದಿದ್ದ, ಸದ್ಯ ಎಂದು ಇವಳು ಮೊಣಕಾಲಿಗೆ ಶಾಲು ಹೊದ್ದು ಬೆಚ್ಚಗೆ ನಿದ್ದೆ ಮಾಡಿದ್ದಳು, ಹನ್ನೊಂದು ಚಳಿಗಾಲ, ಗಾಜು ಮಸುಕಾದಾಗೆಲ್ಲ ಅವನ ಕಿಟಕಿ — ಏನ್ ಸಿಕ್ತೇ, ಇವಾಸಿಯೋ ಕೂಗುತ್ತಿದ್ದಾನೆ, ಏನಿಲ್ಲ, ಒಂದು ಬಟ್ಟೆ, ಮತ್ತೆ ಒಳಗೆ ಕೂತರೆ ಡ್ಯಾಶಿನ ಜಾಲರಿಯಿಂದ ಧೂಳಿನ ವಾಸನೆ, ಆಮೇಲೆ ಬಿಸಿ, ನಿಜವಾದ ಬಿಸಿ, ಮಂಜು ಗಾಜಿನ ಕೆಳಗಿನಿಂದ ಕರಗುತ್ತಾ ಮೇಲೇರುತ್ತಿದೆ, ರಸ್ತೆ ಕಾಣುತ್ತಿದೆ, ಹನ್ನೊಂದೂಮುಕ್ಕಾಲು, ಹೊರಡಬೇಕು, ಗೇರ್ ಹಾಕಬೇಕು, ಕೈ ಏಳುತ್ತಿಲ್ಲ, ಅವನ ಕಡೆಯ ಕಿಟಕಿ, ಎರಡು ಬೆರಳು, ಒಳಗೆ ನುಗ್ಗುವ ಹಿಮದ ಗಾಳಿ, ಅವಳಿಗೆ ಕಾಣದ ಆ ಪಕ್ಕದಲ್ಲಿ ಕೆಂಪಾಗುತ್ತಿರುವ ಕಿವಿ, ಎಡಗಿವಿ, ಒಂದೇ ಕಿವಿ.